ಮೊಳೆಯಲ್ಲಿ ಉಳಿದ ಹ್ಯಾಂಡಲ್

ಜೂನ್ 4, 1998

ಪ್ರೀತಿಯ ಅಕ್ಕನಿಗೆ,

ಕಾಗದ ಬರೆದು ಆರು ತಿಂಗಳಾಯಿತು, ಬೈಯಬೇಡ. ಸ್ಟುಡಿಯೋ ಕೆಲಸದಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಮದುವೆ ಗೊತ್ತಾದ ಹುಡುಗ ಹುಡುಗಿಯರಿಗೆ ಈಗ ಹಳೇ ಕಾಲದ ಸಾಮಾನಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವ ಹುಚ್ಚು. ಹಳೇ ಟೆಲಿಫೋನು, ಆರಾಮಕುರ್ಚಿ, ಎಲ್ಲಕ್ಕಿಂತ ಮೇಲಾಗಿ ಕಹಳೆಯ ಗ್ರಾಮಫೋನು. ನನ್ನ ಹತ್ತಿರ ಎರಡಿದ್ದವು. ಮೂರನೆಯದು ಮೊನ್ನೆ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಕಹಳೆಗೆ ಕೆಂಪು ಬಣ್ಣ, ನೋಡಿದರೆ ಕಣ್ಣು ಕುಕ್ಕುತ್ತದೆ. ತಂದು ನಾಲ್ಕು ಸುತ್ತು ಕೀಲಿ ಕೊಟ್ಟಿದ್ದೇ ತಡ, ಒಳಗೆ ಢಂ ಎಂದು ಏನೋ ಮುರಿಯಿತು. ಇಲ್ಲಿ ಕೇಳಿದರೆ ಎಲ್ಲರೂ ಕೈ ಆಡಿಸುತ್ತಾರೆ. ಅಪ್ಪನ ಅಂಗಡಿಯಲ್ಲಿ ಕೂತು ಇವತ್ತಿಗೂ ಈ ಕೆಲಸ ಮಾಡುವವಳು ನೀನೊಬ್ಬಳೇ ಅಲ್ಲವೇ. ಲಾರಿಯಲ್ಲಿ ಹಾಕಿಸಿದ್ದೇನೆ.

ಒಬ್ಬ ಬಟ್ಟೆ ವ್ಯಾಪಾರಿಯ ಜಾಹೀರಾತಿಗೆ ಆಗಸ್ಟಿನಲ್ಲಿ ಇದು ಬೇಕು. ಹಾಡಲೇಬೇಕೆಂದೇನಿಲ್ಲ, ಫೋಟೊದಲ್ಲಿ ಮಿಂಚಿದರೆ ಸಾಕು. ನೀನು ಮಾಡಿದರೆ ಹಾಡಿಯೂ ಹಾಡುತ್ತದೆ, ಅದು ಬೇರೆ ಮಾತು.

ಅಪ್ಪನ ಫೋಟೊ ಸ್ಟುಡಿಯೋದ ಬಾಗಿಲಲ್ಲೇ ಇದೆ. ಖಾಲಿ ಮೇಜಿನ ಮುಂದೆ ತಲೆ ತಗ್ಗಿಸಿ ಕೂತದ್ದು, ನನಗೆ ಮೊದಲ ಬಹುಮಾನ ತಂದುಕೊಟ್ಟದ್ದು. ಬಂದವರೆಲ್ಲ ಅದರೆದುರು ಒಂದು ಗಳಿಗೆ ನಿಲ್ಲುತ್ತಾರೆ.

ನಿನ್ನ ತಮ್ಮ


ಜೂನ್ 19, 1998

ಪುಟ್ಟಾ,

ಲಾರಿಯವರು ನಿನ್ನ ಪೆಟ್ಟಿಗೆಯನ್ನು ತಲೆಕೆಳಗಾಗಿ ಇಳಿಸಿದರು. ನೀನೇನೋ ಬಾಣದ ಗುರುತು ಹಾಕಿದ್ದೀಯ, ನೋಡುವವರು ಬೇಕಲ್ಲ.

ಹಾಡದಿದ್ದರೂ ನಡೆಯುತ್ತದೆ ಎಂದು ಬರೆದಿದ್ದೀಯ. ಅಪ್ಪ ಇದ್ದಿದ್ದರೆ ಪೆಟ್ಟಿಗೆಯನ್ನು ಬಿಚ್ಚದೆ ವಾಪಸು ಅಟ್ಟುತ್ತಿದ್ದರು. ನಿನಗೆ ಚಿಕ್ಕಂದಿನಿಂದಲೂ ಹಾಗೆಯೇ, ಸಾಮಾನಿನ ಹೊರಮೈ ಬೇಕು, ಒಳಗಿನದು ಅಕ್ಕನ ಪಾಲಿಗೆ.

ಯಂತ್ರ ಒಳ್ಳೆಯದು. ಬಳಸಿದವರು ಕೆಟ್ಟವರು. ಕೀಲಿ ಕೊಡಲು ಇದಕ್ಕೆ ಸಿಕ್ಕಿಸಿರುವ ಹ್ಯಾಂಡಲ್ ಇದರದ್ದಲ್ಲ, ಇನ್ಯಾವುದರದ್ದೋ. ಥ್ರೆಡ್ ಕೂಡದಿದ್ದರೂ ಬಲವಂತವಾಗಿ ತಿರುವಿ ತಿರುವಿ ತೂತಿನ ಬಾಯನ್ನೇ ಸವೆಸಿದ್ದಾರೆ. ಇಷ್ಟು ವರ್ಷ ಇದು ಹೇಗೆ ಬದುಕಿತೋ. ಮುಳ್ಳು ಕೂರುವ ಸೌಂಡ್ ಬಾಕ್ಸಿನ ರಬ್ಬರು ಕಲ್ಲಾಗಿದೆ, ಗ್ರೀಸು ಟಾರಿನ ಹಾಗಾಗಿದೆ. ಕೆಂಪು ಬಣ್ಣವಂತೂ ಗೋಡೆಗೆ ಬಳಿಯುವ ಬಣ್ಣ. ಅದನ್ನು ಮೊದಲು ಕೆರೆದು ತೆಗೆಯುತ್ತೇನೆ, ನೀನು ಅತ್ತರೂ ಸರಿ.

ಸ್ಪ್ರಿಂಗಿನ ಡಬ್ಬಿಯನ್ನು ನಾಳೆ ಬಿಚ್ಚುತ್ತೇನೆ. ನಿನಗೆ ಗೊತ್ತಿರಲಾರದು, ಡಬ್ಬಿ ಬಿಚ್ಚಿದವರು ಅದರ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಮ್ಮ ಗುರುತನ್ನೂ ತಾರೀಖನ್ನೂ ಗೀರಿ ಮುಚ್ಚುವುದು ನಮ್ಮ ಅಂಗಡಿಯ ಪದ್ಧತಿ. ಮುಂದೆ ಬಿಚ್ಚುವವರಿಗೆ ಸ್ಪ್ರಿಂಗಿನ ವಯಸ್ಸು ತಿಳಿಯಲೆಂದು. ಅಪ್ಪನದು ತ್ರಿಕೋನ, ನನ್ನದು ಎರಡು ಚುಕ್ಕೆ. ನಿನ್ನ ಕೆಂಪು ರಾಣಿಗೆ ಯಾರ್ಯಾರು ಕೈ ಹಾಕಿದ್ದಾರೋ ನೋಡೋಣ.

ಅಕ್ಕ


ಜೂನ್ 21, 1998

ತಮ್ಮನಿಗೆ,

ಹಿಂದಿನ ಕಾಗದ ನಿನ್ನ ಕೈಸೇರುವ ಮೊದಲೇ ಇದನ್ನು ಬರೆಯುತ್ತಿದ್ದೇನೆ.

ಕೆಂಪಿನ ಕೆಳಗೆ ಹಸಿರಿತ್ತು. ಕಹಳೆಯ ಬಾಯ ಅಂಚಿನಲ್ಲಿ ಹೆಬ್ಬೆರಳಷ್ಟು ತಗ್ಗು. ಆ ತಗ್ಗು ಮಾಡಿದವನು ನೀನು, ಏಳನೇ ವಯಸ್ಸಿನಲ್ಲಿ, ಚೆಂಡಿನಿಂದ. ಏಟು ತಿಂದವಳು ನಾನು. ಇದು ನಮ್ಮ ಯಂತ್ರ. ಯಾರು ಎಷ್ಟೇ ಕೇಳಿದರೂ ಅಪ್ಪ ಮಾರದೆ ಅಂಗಡಿಯ ನಡುಮೇಜಿನ ಮೇಲೆ ಇಟ್ಟುಕೊಂಡಿದ್ದದ್ದು. 1982ರ ಮಾರ್ಚಿನಲ್ಲಿ ಕಳುವಾದದ್ದು. ಬೀಗ ಮುರಿದಿರಲಿಲ್ಲ, ಇನ್ನೊಂದು ಬೀಗದ ಕೈ ಇದ್ದದ್ದು ನಿಧಾನಪ್ಪನ ಹತ್ತಿರ, ಆದ್ದರಿಂದ ಕಳ್ಳ ನಿಧಾನಪ್ಪ ಎಂದು ಎಲ್ಲರೂ ಒಪ್ಪಿದೆವು. ಅಪ್ಪನ ಕೈಕೆಳಗೆ ಒಂಬತ್ತು ವರ್ಷ ಕೆಲಸ ಮಾಡಿದ ಮನುಷ್ಯ. ಎರಡು ತಿಂಗಳಲ್ಲಿ ನನ್ನ ಗಂಡನಾಗಬೇಕಿದ್ದವರು.

ಮುಚ್ಚಳದ ಒಳಗೆ ಅಪ್ಪನ ತ್ರಿಕೋನ ಮೂರು ಸಲ ಇದೆ. ಮೊದಲ ಎರಡು ನನಗೆ ಗೊತ್ತಿದ್ದವೇ. ಮೂರನೆಯದರ ತಾರೀಖು ಆಗಸ್ಟ್ 1983.

ಕಳುವಾದ ಒಂದೂವರೆ ವರ್ಷದ ಮೇಲೆ ಅಪ್ಪ ಈ ಡಬ್ಬಿಯನ್ನು ಬಿಚ್ಚಿ ಮುಚ್ಚಿದ್ದಾರೆ. ಎಲ್ಲಿ, ಯಾರ ಮನೆಯಲ್ಲಿ, ನನಗೇಕೆ ಹೇಳಲಿಲ್ಲ? ನಿನಗೇನಾದರೂ ಗೊತ್ತೇ? ಗೊತ್ತಿದ್ದಷ್ಟು ಬರೆ. ತಡ ಮಾಡಬೇಡ.

ಅಕ್ಕ


ಜುಲೈ 20, 1998

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಊರೂರು ತಿರುಗಾಟ, ಕೂತು ಬರೆಯಲಾಗಲಿಲ್ಲ. ಅದೇ ಯಂತ್ರ ಎನ್ನುವುದನ್ನು ನಾನಿನ್ನೂ ನಂಬಲಾರೆ. ಅಂಥ ಕಹಳೆಗಳು ಸಾವಿರ ಇರುತ್ತವೆ. ಆದರೆ ಕೈಗುರುತು ಓದುವವಳು ನೀನು, ಅದೇ ಎಂದರೆ ಅದೇ.

ಹಾಗಾದರೆ ನನಗೆ ತೋಚುವುದು ಒಂದೇ. ಹೇಳಲು ಬಾಯಿ ಬರುವುದಿಲ್ಲ. ಅಪ್ಪನೇ ಅದನ್ನು ಯಾರಿಗೋ ಕೊಟ್ಟಿರಬೇಕು. ಆ ಮದುವೆ ಅಪ್ಪನಿಗೆ ಒಳಗೊಳಗೇ ಇಷ್ಟವಿರಲಿಲ್ಲ, ನೀನು ಗಮನಿಸಿರಲಾರೆ. ಕೆಲಸದವನಿಗೆ ಮಗಳನ್ನು ಕೊಡುವುದು ಹೇಗೆ ಎಂದು ಒಮ್ಮೆ ನನ್ನೆದುರೇ ಗೊಣಗಿದ್ದರು. ಕೊಟ್ಟ ಮಾತನ್ನು ತಪ್ಪಿಸಿಕೊಳ್ಳಲು ಒಂದು ನೆಪ ಬೇಕಿತ್ತೇನೋ. ಮಾಡಿದ್ದು ತಪ್ಪು, ಒಪ್ಪುತ್ತೇನೆ. ಆದರೆ ನಿನ್ನ ಮೇಲಿನ ಮಮತೆಯಿಂದಲೇ ಮಾಡಿದ್ದಾರು.

ಇನ್ನೊಂದು ಮಾತು. ಸುಳ್ಳು ಆರೋಪ ಹೊತ್ತವನು ಗಂಡಸಾದರೆ ನಿಂತು ಜಗಳವಾಡುತ್ತಾನೆ. ಅವನು ಬಾಲ ಮುದುರಿಕೊಂಡು ಹೋದ. ಅಂಥವನ ಜೊತೆ ನೀನು ಸುಖವಾಗಿರುತ್ತಿದ್ದೆಯೇ?

ಅಪ್ಪ ಹೋಗಿ ಐದು ವರ್ಷವಾಯಿತು. ಹಳೆಯದನ್ನು ಕೆದಕುವುದು ಬೇಡ. ಜಾಹೀರಾತು ಸೆಪ್ಟೆಂಬರಿಗೆ ಹೋಗಿದೆ, ಅವಸರವಿಲ್ಲ.

ನಿನ್ನ ತಮ್ಮ


ಜುಲೈ 29, 1998

ತಮ್ಮನಿಗೆ,

ನಿನ್ನ ಮಾತನ್ನು ಮೂರು ದಿನ ನಂಬಿದೆ. ಅಂಗಡಿಯಲ್ಲಿದ್ದ ಅಪ್ಪನ ಫೋಟೊವನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟೆ. ಅವರ ಕುರ್ಚಿಯನ್ನು ಹಿತ್ತಿಲಿಗೆ ಎಳೆದು ಹಾಕಿದೆ. ಒಂಟಿಯಾಗಿ ಕೂತು ಆ ಮುದುಕನನ್ನು ಬಾಯಿಗೆ ಬಂದ ಹಾಗೆ ಬೈದೆ. ಮನಸ್ಸು ಸ್ವಲ್ಪ ಹಗುರವೂ ಆಯಿತು.

ನಾಲ್ಕನೆಯ ದಿನ ಹೊಸ ಸ್ಪ್ರಿಂಗ್ ಕೂರಿಸಿ, ಕೀಲಿ ಕೊಟ್ಟು ನೋಡಲು ಹ್ಯಾಂಡಲಿಗೆ ಕೈ ಚಾಚಿದೆ. ನೀನು ಕಳಿಸಿದ್ದು ಕೂಡುವುದಿಲ್ಲವಲ್ಲ, ಬಾಗಿಲ ಹಿಂದಿನ ಮೊಳೆಯಲ್ಲಿದ್ದದ್ದನ್ನು ತೆಗೆದೆ. ಸವೆದ ಬಾಯಲ್ಲಿ ಎರಡು ಸುತ್ತು ಜಾರಿ, ಆಮೇಲೆ ಕಚ್ಚಿಕೊಂಡು ಒಳಗೆ ಹೋಗಿ ಕೂತಿತು. ಕೂರದೆ ಏನು, ಅದು ಇದರದ್ದೇ. ಹದಿನಾರು ವರ್ಷದಿಂದ ಅದು ಆ ಮೊಳೆಯಲ್ಲೇ ಇದೆ. ಕಳ್ಳ ಬಿಟ್ಟುಹೋದದ್ದು.

ಸಂಜೆ ಬಾಗಿಲು ಹಾಕುವ ಮುಂಚೆ ಎಲ್ಲ ಯಂತ್ರಗಳ ಹ್ಯಾಂಡಲ್ ಬಿಚ್ಚಿ ಮೊಳೆಗೆ ತೂಗುಹಾಕುವುದು ನಮ್ಮ ರೂಢಿ, ಸುಮ್ಮನೆ ಬಂದವರು ಕೀಲಿ ತಿರುವಿ ಸ್ಪ್ರಿಂಗ್ ಕೆಡಿಸಬಾರದೆಂದು. ಅಪ್ಪ ಕೊಟ್ಟಿದ್ದರೆ ಹ್ಯಾಂಡಲ್ ಇಲ್ಲದೆ ಕೊಡುತ್ತಿದ್ದರೇ? ಅವರಿಗೆ ಕಣ್ಣು ಕಟ್ಟಿದರೂ ಆ ಮೊಳೆ ಕೈಗೆ ಸಿಗುತ್ತಿತ್ತು. ನಿಧಾನಪ್ಪನಿಗೂ ಹಾಗೆಯೇ. ದಿನಾ ತೂಗುಹಾಕುತ್ತಿದ್ದವರೇ ಅವರು. ನಮ್ಮ ಮನೆಯಲ್ಲಿ ಹ್ಯಾಂಡಲ್ ಎಲ್ಲಿರುತ್ತದೆಂದು ಗೊತ್ತಿಲ್ಲದವನು ಒಬ್ಬನೇ. ಅಂಗಡಿಯ ಒಳಗೆ ಕಾಲಿಟ್ಟರೆ ಕೈ ಜಿಡ್ಡಾಗುತ್ತದೆಂದು ಹೊಸಿಲಾಚೆಯೇ ನಿಲ್ಲುತ್ತಿದ್ದವನು. ಅದೇ ತಿಂಗಳು ಅವನ ಕುತ್ತಿಗೆಯಲ್ಲಿ ಒಂದು ಕ್ಯಾಮೆರಾ ಬಂತು. ಗೆಳೆಯ ಎರವಲು ಕೊಟ್ಟದ್ದು ಎಂದ. ಆ ಗೆಳೆಯ ಅದನ್ನು ಯಾವತ್ತೂ ವಾಪಸು ಕೇಳಲಿಲ್ಲ.

ಅದೇ ಕ್ಯಾಮೆರಾದಲ್ಲಿ ಖಾಲಿ ಮೇಜಿನ ಮುಂದೆ ಕೂತ ಅಪ್ಪನನ್ನು ಅದು ಹೇಗೆ ತೆಗೆದೆ?

ನಿನ್ನನ್ನು ಮಾತ್ರ ಬೈದು ಮುಗಿಸಲಾರೆ. ಮದುವೆಯಾದ ಮೇಲೆ ಆ ಯಂತ್ರ ನಮ್ಮಿಬ್ಬರಿಗೆ ಎಂದು ಅಪ್ಪ ಹೇಳಿಯಾಗಿತ್ತು. ತನಗೇ ಬರುವುದನ್ನು ಯಾರಾದರೂ ಕದಿಯುತ್ತಾರೆಯೇ ಎಂದು ನಾನೊಂದು ಸಲ ಯೋಚಿಸಬಹುದಿತ್ತು. ನಿಧಾನಪ್ಪ ಕೊನೆಯ ಸಲ ಬಾಗಿಲಿಗೆ ಬಂದಾಗ ನಾನು ಮೊಳೆಯ ಕಡೆ ಕೈ ತೋರಿಸಿ, “ಹ್ಯಾಂಡಲ್ ಮರೆತು ಹೋಗಿದ್ದೀರಿ, ಬಂದು ಅದನ್ನೂ ತಗೊಂಡು ಹೋಗಿ” ಎಂದೆ. ಅವರು ಹ್ಯಾಂಡಲ್ ನೋಡಿದರು. ಒಂದು ಥರ ನಕ್ಕರು. ನಾಚಿಕೆಗೆಟ್ಟವನೆಂದುಕೊಂಡು ಬಾಗಿಲು ಹಾಕಿದೆ.

ಇನ್ನೊಂದನ್ನು ಹಿಂದಿನ ಕಾಗದದಲ್ಲಿ ಬರೆಯಲಿಲ್ಲ. ಅಪ್ಪನ ಮೂರನೆಯ ತ್ರಿಕೋನದ ಕೆಳಗೆ ಒಂದು ಅರ್ಧಚಂದ್ರ ಇದೆ. ಅದು ನಿಧಾನಪ್ಪನ ಗುರುತು. ಜನವರಿ 1987. ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಗೀರಿದ್ದಾರೆ: ನಾನು ತೆಗೆದದ್ದಲ್ಲ.

ಹನ್ನೊಂದು ವರ್ಷದಿಂದ ಅದು ಗ್ರೀಸಿನ ಕೆಳಗೆ ಬಿದ್ದಿತ್ತು. ಈಗ ನೀನು ಬರೆ. ಈ ಸಲ ನಿಜ ಬರೆ.

ಅಕ್ಕ


ಆಗಸ್ಟ್ 30, 1998

ಅಕ್ಕಾ,

ನಿಜವನ್ನೇ ಬರೆಯುತ್ತೇನೆ. ಓದಿ ಹರಿದುಹಾಕು.

ನಾನೇ ತೆಗೆದದ್ದು. ನೀನೂ ಅಪ್ಪನೂ ದೊಡ್ಡಮ್ಮನ ಮನೆಗೆ ಹೋಗಿದ್ದ ದಿನ ಅಪ್ಪನ ಬೀಗದ ಕೈ ಮನೆಯಲ್ಲೇ ಇತ್ತು. ಹಳೇ ಸಾಮಾನಿನವನೊಬ್ಬ ಗ್ರಾಮಫೋನು ತಂದರೆ ಕ್ಯಾಮೆರಾ ಕೊಡುತ್ತೇನೆ ಎಂದಿದ್ದ. ಕಂಬಳಿ ಸುತ್ತಿ ಗಾಡಿಯಲ್ಲಿ ಹಾಕಿಕೊಂಡು ಹೋದೆ. ನನಗಾಗ ಹತ್ತೊಂಬತ್ತು. ಕ್ಯಾಮೆರಾ ಕೊಡಿಸಿ ಎಂದು ಅಪ್ಪನನ್ನು ಎರಡು ವರ್ಷ ಕೇಳಿದ್ದೆ. ಅವರಿಗೆ ಸ್ಪ್ರಿಂಗು, ಮುಳ್ಳು, ರೆಕಾರ್ಡು, ನೀನು, ನಿನ್ನ ನಿಧಾನಪ್ಪ ಬಿಟ್ಟರೆ ಲೋಕವೇ ಇರಲಿಲ್ಲ. ಹೇಳಬೇಕೆಂದೇ ಇದ್ದೆ. ಅಷ್ಟರಲ್ಲಿ ನೀವೆಲ್ಲ ಅವನ ಹೆಸರು ಹಿಡಿದಿರಿ. ಅವನ ಹೆಸರನ್ನು ನಾನು ಹೇಳಲಿಲ್ಲ, ನೆನಪಿರಲಿ. ಸುಮ್ಮನಿದ್ದೆ ಅಷ್ಟೆ.

ಸಾಮಾನಿನವನು ಅದನ್ನು ಜಂಕ್ಷನ್ ಊರಿನ ಒಬ್ಬ ಡಾಕ್ಟರಿಗೆ ಮಾರಿದ್ದ. ಅವರು ರಿಪೇರಿಗೆಂದು ಅಪ್ಪನನ್ನೇ ಕರೆಸಿದರು. ಡಾಕ್ಟರಿಂದ ಸಾಮಾನಿನವನ ಹೆಸರು, ಅವನಿಂದ ನನ್ನ ಹೆಸರು. ಅಪ್ಪ ನನ್ನ ಹಾಸ್ಟೆಲಿಗೆ ಬಂದರು. ಹೊಡೆಯಲಿಲ್ಲ. “ನಿಮ್ಮಕ್ಕನಿಗೆ ಹೇಳಬೇಡ. ಹೇಳಿದ್ರೆ ಮನೇಲಿ ಅವಳಿಗೆ ತನ್ನೋರು ಅಂತ ಒಬ್ರೂ ಉಳಿಯಲ್ಲ” ಎಂದು ಅದೇ ಬಸ್ಸಿಗೆ ವಾಪಸು ಹೋದರು. ಹಾಗಾಗಿ ಅಪ್ಪನ ಮಾತನ್ನೂ ಉಳಿಸಿದಂತಾಯಿತು.

ಮೊನ್ನೆ ಅಪ್ಪನ ಮೇಲೆ ಹಾಕಿದ್ದು ತಪ್ಪು. ಹೆದರಿಕೆಯಲ್ಲಿ ಬರೆದೆ. ಈಗ ನಾನೇನು ಮಾಡಬೇಕೋ ಹೇಳು, ಮಾಡುತ್ತೇನೆ.

ನಿನ್ನ ತಮ್ಮ


ಸೆಪ್ಟೆಂಬರ್ 21, 1998

ತಮ್ಮನಿಗೆ,

ಅಪ್ಪ 83ರಲ್ಲಿ ಪರವೂರಿನಲ್ಲಿ ಒಂದು ರಿಪೇರಿ ಇದೆ ಎಂದು ಹೋಗಿ ಬಂದು ಎರಡು ದಿನ ಊಟ ಬಿಟ್ಟಿದ್ದರು. ಹೊಟ್ಟೆ ಕೆಟ್ಟಿದೆ ಎಂದು ಮಾತ್ರೆ ಕೊಟ್ಟೆ. ಆಮೇಲೆ ಹತ್ತು ವರ್ಷ ಎದುರುಬದುರು ಕೂತು ಕೆಲಸ ಮಾಡಿದೆವು. ಫೋಟೊ ಇನ್ನೂ ಗೋಡೆಯ ಕಡೆಗೇ ಇದೆ. ಅಲ್ಲೇ ಇರಲಿ.

ನಾನು ಜಂಕ್ಷನ್ ಊರಿಗೆ ಹೋಗಿದ್ದೆ. ನಿಧಾನಪ್ಪನ ಅಕ್ಕನ ಮನೆ ಅಲ್ಲಿದೆಯೆಂದು ಗೊತ್ತಿತ್ತು. ವಿಚಾರಿಸಿದಾಗ ಅಂಗಡಿ ತೋರಿಸಿದರು. ಗ್ರಾಮಫೋನಿನ ಅಂಗಡಿಯಲ್ಲ, ಹೊಲಿಗೆ ಯಂತ್ರ ರಿಪೇರಿ. ಬೆಲೆಬಾಳುವ ಹಳೇ ಯಂತ್ರವನ್ನು ಕಳ್ಳನೆನಿಸಿಕೊಂಡವನ ಕೈಗೆ ಯಾರು ಕೊಡುತ್ತಾರೆ. ತಲೆ ಪೂರ್ತಿ ಬೆಳ್ಳಗಾಗಿದೆ. ಕೈ ಮಾತ್ರ ಅದೇ, ಒಂದು ಸ್ಕ್ರೂ ಬಿಚ್ಚಲು ಅರ್ಧ ದಿನ ತೆಗೆದುಕೊಳ್ಳುವ ಕೈ.

ಒಂದು ಗಳಿಗೆ ನನ್ನನ್ನು ನೋಡಿ, ಸ್ಟೂಲು ಒರೆಸಿ, “ಕೂತ್ಕೊಳ್ಳಿ ಮೇಡಂ” ಎಂದರು. ಮೇಡಂ.

ಮುಚ್ಚಳ ನೋಡಿದೆ ಎಂದೆ. ನಿನ್ನ ಹೆಸರನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಕೆಲಸ ನಿಲ್ಲಿಸಲಿಲ್ಲ.

“ಹ್ಯಾಂಡಲ್ ಬಿಟ್ಟು ಹೋಗಿದ್ದು ನೋಡ್ದಾಗಲೇ ಗೊತ್ತಾಯ್ತು, ಯಾರು ಅಂತ.”

“ಆವತ್ತೇ ಹೇಳ್ಬಾರದಿತ್ತಾ?”

“ನಿಮ್ಮ ತಮ್ಮ ಅಂದಿದ್ರೆ ನಂಬ್ತಿದ್ರಾ?”

ಅವರು ಹೊಲಿಗೆ ಯಂತ್ರವನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿಕೊಂಡರು.

“ಡಾಕ್ಟರ್ ಮನೇಲಿ, ಅವರ ಕಣ್ಣೆದುರೇ ಕೂತು ಡಬ್ಬಿ ಬಿಚ್ದಾಗ ನಿಮ್ಮ ತಂದೆಯವರ ಗುರುತು ನೋಡ್ದೆ. 83ನೇ ಇಸವಿ. ಓ, ದೊಡ್ಡವರಿಗೆ ವಿಷಯ ಗೊತ್ತಾಗಿದೆ ಅಂದ್ಕೊಂಡೆ. ಇನ್ನು ಕಾಗದ ಬರುತ್ತೆ ಅಂತ ಕಾದೆ.”

“ಎಷ್ಟು ದಿನ?”

“ಮಗಳು ಹುಟ್ಟೋವರೆಗೂ ಕಾದೆ. ಆಮೇಲೆ ಬಿಟ್ಟೆ.”

ಮುಚ್ಚಳದಲ್ಲಿ ಗೀರಿದ್ದು ಯಾರಿಗೆ ಎಂದು ಕೇಳಿದೆ. “ಬಿಚ್ಚೋರಿಗೆ” ಎಂದರು. ನಾನು ಅತ್ತೆ. ಅವರು ಒಂದು ಲೋಟ ನೀರು ಕೊಟ್ಟು, ಹೊರಗೆ ಕಾಯುತ್ತಿದ್ದ ಗಿರಾಕಿಗೆ ಐದು ನಿಮಿಷ ಎಂದು ಕೈಸನ್ನೆ ಮಾಡಿದರು. ಕ್ಷಮೆ ಕೇಳಿದೆ. “ನೀವು ಬಂದಿದ್ದು ಸರಿ. ಆದ್ರೆ ತಗೊಂಡೋರು ನೀವಲ್ವಲ್ಲ” ಎಂದರು. ಇವತ್ತಿಗೂ ಅವರು ಅಕ್ಕನ ಮನೆಗೆ ಹೋದರೆ ಭಾವ ಎದ್ದುಹೋಗಿ ಬೀರುವಿಗೆ ಬೀಗ ಹಾಕುತ್ತಾರಂತೆ. ಮಗಳಿಗೆ ಈಗ ಅದು ಅರ್ಥವಾಗುವ ವಯಸ್ಸು. ಇದನ್ನು ಅವರು ದೂರಿನಂತೆ ಹೇಳಲಿಲ್ಲ, ಅದಕ್ಕೇ ನನಗೆ ಹೆಚ್ಚು ಉರಿಯಿತು.

ಏನು ಮಾಡಬೇಕೆಂದು ಕೇಳಿದ್ದೀಯ. ಅವರು ಕಾದದ್ದು ಒಂದು ಕಾಗದಕ್ಕೆ. ಅದನ್ನು ನಿನ್ನ ಕೈಯಲ್ಲೇ ಬರೆ, ಅವರ ಹೆಸರಿಗೆ. ಅವರ ಭಾವನೆದುರು, ಮಗಳೆದುರು ತೆರೆದು ಇಡುವಂಥದ್ದು. ಮತ್ತೆ ಆ ಖಾಲಿ ಮೇಜಿನ ಫೋಟೊ ಬಾಗಿಲಿಂದ ಇಳಿಸು. ಯಂತ್ರದ ಮಜೂರಿ ಇಷ್ಟೇ. ವಿಳಾಸ ಹಿಂದೆ ಬರೆದಿದ್ದೇನೆ.

ಅಕ್ಕ


ಅಕ್ಟೋಬರ್ 26, 1998

ಅಕ್ಕನಿಗೆ,

ನಿನ್ನ ಮಾತು ನ್ಯಾಯವೇ. ಬರೆಯಲೆಂದು ಮೂರು ಸಲ ಕೂತೆ. ಆದರೆ ಯೋಚಿಸು. ಬಾಯಿಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಅದು ಯಾರ ಕೈಗೆ ಹೋಗುತ್ತದೋ, ಏನಾಗುತ್ತದೋ. ನನ್ನ ಹೆಂಡತಿಗೆ ಇದೊಂದೂ ಗೊತ್ತಿಲ್ಲ. ಇಲ್ಲಿ ನನಗೊಂದು ಹೆಸರಿದೆ. ಫೋಟೊ ವಿಷಯಕ್ಕೆ ಬಂದರೆ, ಅದು ಪುಸ್ತಕಗಳಲ್ಲಿ ಅಚ್ಚಾಗಿದೆ, ಬಾಗಿಲಿಂದ ಇಳಿಸಿದರೆ ಏಕೆಂದು ಹತ್ತು ಜನ ಕೇಳುತ್ತಾರೆ.

ಅವನು ಹೇಗೂ ಮರೆತು ಬದುಕು ಕಟ್ಟಿಕೊಂಡಿದ್ದಾನೆ. ಬೇಕಿದ್ದರೆ ಅವನ ಮಗಳ ಮದುವೆ ಬಂದಾಗ ಫೋಟೊ ಕೆಲಸವನ್ನೆಲ್ಲ ನಾನೇ ಬಿಟ್ಟಿ ಮಾಡಿಕೊಡುತ್ತೇನೆ. ಸ್ವಲ್ಪ ದಿನ ಹೋಗಲಿ, ಎಲ್ಲ ತಣ್ಣಗಾಗುತ್ತದೆ.

ಜಾಹೀರಾತು ನವೆಂಬರ್ 15ಕ್ಕೆ ಖಚಿತವಾಗಿದೆ. ಯಂತ್ರ ಮುಗಿದಿದ್ದರೆ ದಯವಿಟ್ಟು ಕಳಿಸು.

ನಿನ್ನ ತಮ್ಮ


ನವೆಂಬರ್ 5, 1998

ಸ್ಟುಡಿಯೋ ಮಾಲೀಕರಿಗೆ,

ಯಂತ್ರವನ್ನು ಲಾರಿಯಲ್ಲಿ ಕಳಿಸಿದೆ. ಹೊಸ ಸ್ಪ್ರಿಂಗ್ ಹಾಕಿದೆ. ಸೌಂಡ್ ಬಾಕ್ಸಿನ ರಬ್ಬರು ಬದಲಿಸಿದೆ. ಕಹಳೆಗೆ ಮೊದಲಿನ ಹಸಿರು ಬಳಿದೆ, ಅಂಚಿನ ತಗ್ಗನ್ನು ಹಾಗೆಯೇ ಬಿಟ್ಟೆ. ಈ ಅಂಗಡಿಯಿಂದ ಹೋಗುವ ಮುನ್ನ ನಾಲ್ಕು ರೆಕಾರ್ಡು ಹಾಕಿ ನೋಡಿದೆ. ಹಾಡುತ್ತದೆ. ಡಬ್ಬಿಯ ಮುಚ್ಚಳದಲ್ಲಿ ಎರಡು ಚುಕ್ಕೆ, ತಾರೀಖು, ಅದರ ಕೆಳಗೆ ತೆಗೆದವನ ಪೂರ್ತಿ ಹೆಸರು ಗೀರಿದೆ.

ಅಂಗಡಿಯವಳು


ನವೆಂಬರ್ 14, 1998

ಅಕ್ಕಾ,

ಯಂತ್ರ ಬಂತು. ಎಷ್ಟು ಚೆನ್ನಾಗಿದೆ ಎಂದರೆ ನನ್ನ ಹೆಂಡತಿ ಮುಟ್ಟಲು ಹೆದರುತ್ತಾಳೆ. ನಿನ್ನ ಕೋಪ ನನಗೆ ಅರ್ಥವಾಗುತ್ತದೆ. ಆದರೂ ಇಷ್ಟು ಕೆಲಸ ಮಾಡಿ ಕಳಿಸಿದೆಯಲ್ಲ, ರಕ್ತಸಂಬಂಧ ಎಲ್ಲಿಗೆ ಹೋಗುತ್ತದೆ.

ಪೆಟ್ಟಿಗೆಯನ್ನೆಲ್ಲ ಜಾಲಾಡಿದೆ, ಹ್ಯಾಂಡಲ್ ಇಲ್ಲ. ನಾನು ಕಳಿಸಿದ್ದೂ ಇಲ್ಲ, ಅದರದ್ದೂ ಇಲ್ಲ. ಹಾಕಲು ಮರೆತೆಯಾ? ನಾಳೆ ಹೇಗೋ ಆ ಬದಿ ಕಾಣದ ಹಾಗೆ ಫೋಟೊ ತೆಗೆಯುತ್ತೇನೆ. ಸಿಕ್ಕ ಕೂಡಲೇ ಪಾರ್ಸೆಲ್ ಮಾಡು.

ನಿನ್ನ ತಮ್ಮ


ನವೆಂಬರ್ 25, 1998

ತಮ್ಮನಿಗೆ,

ಆಗಸ್ಟ್ 30ರ ನಿನ್ನ ಕಾಗದವನ್ನು ನಾನು ಹರಿಯಲಿಲ್ಲ. ನಾನೇ ತೆಗೆದದ್ದು ಎಂದು ನಿನ್ನ ದುಂಡಕ್ಷರದಲ್ಲೇ ಇತ್ತಲ್ಲ. ಅದನ್ನು ಯಾರಿಗೆ ಬರೆಯಬೇಕಿತ್ತೋ ಅವರಿಗೆ ಕಳಿಸಿದೆ. ನಿನ್ನೆ ಅವರಿಂದ ಒಂದು ಕಾರ್ಡು ಬಂತು. ‘ತಲುಪಿತು. ಭಾವನವರು ಓದಿದರು. ಮಗಳೂ ಓದಿದಳು’ ಎಂದಿದೆ. ನನ್ನ ಬಗ್ಗೆ ಒಂದಕ್ಷರವಿಲ್ಲ. ಮೇಲೆ ಮೇಡಂ ಅವರಿಗೆ ಎಂದು ಬರೆದಿದ್ದಾರೆ.

ಹ್ಯಾಂಡಲ್ ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ. ಮರೆತು ಹೋದವನು ನೀನು, ಹದಿನಾರು ವರ್ಷದ ಹಿಂದೆ. ಆ ಮಾತನ್ನು ನಾನು ಆವತ್ತು ಇದೇ ಬಾಗಿಲಲ್ಲಿ ನಿಂತು ಬೇರೆಯವರಿಗೆ ಹೇಳಿಬಿಟ್ಟೆ. ಈಗ ಹೇಳಬೇಕಾದವನಿಗೆ ಹೇಳುತ್ತಿದ್ದೇನೆ. ಬಂದು ಅದನ್ನೂ ತೆಗೆದುಕೊಂಡು ಹೋಗು.